ಅಜ್ಜಿಗೆ ಮೀನು ಬೇಕು, ಮೊಮ್ಮಗನಿಗೆ ಬೇಡ, ಯಾಕೆ?

ಒಂದೇ ಮನೆಯಲ್ಲಿ ಹಿರಿಯರು ಮೀನು ಜಾಸ್ತಿ ತಿನ್ನುತ್ತಾರೆ, ಮಕ್ಕಳು ಮುಟ್ಟುವುದೇ ಇಲ್ಲ, ಯಾಕೆ ಅಂತ ಕೇಳಿದ್ದೀರಿ. ಮೊದಲ ಕಾರಣ ಮುಳ್ಳು. ನಮ್ಮ ಶಿವಮೊಗ್ಗದ ಕಡೆ ಸಿಗುವ ಕಾಟ್ಲಾ, ರೋಹುಗಳಲ್ಲಿ ಮಾಂಸದ ಒಳಗೇ ಸಣ್ಣ ಕವಲು ಮುಳ್ಳುಗಳಿರುತ್ತವೆ. ಒಮ್ಮೆ ಗಂಟಲಿಗೆ ಸಿಕ್ಕಿದರೆ ಮಗು ಮತ್ತೆ ತಟ್ಟೆ ಹತ್ತಿರ ಬರಲ್ಲ. ಕಣ್ಣು ಮಂಜಾದ ತುಂಬಾ ವಯಸ್ಸಾದವರು ಬಿಡುವುದೂ ಇದಕ್ಕೇ.

ಎರಡನೆಯದು ಅಭ್ಯಾಸ, ನನಗೆ ಇದೇ ದೊಡ್ಡದು ಅನ್ನಿಸುತ್ತದೆ. ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತುವ ಮೀನನ್ನು ಕೂಣಿ (ಮೀನು ಹಿಡಿಯುವ ಬುಟ್ಟಿ) ಇಟ್ಟು ಹಿಡಿದು, ರಾತ್ರಿ ಹುಳಿ ಹಾಕಿ ಸಾರು ಮಾಡಿ, ಮನೆಮಂದಿಯೆಲ್ಲ ಕೂತು ಉಂಡವರಿಗೆ ಆ ರುಚಿ ಸಾಯುವವರೆಗೂ ಬಿಡುವುದಿಲ್ಲ. ಈಗಿನ ಮಕ್ಕಳಿಗೆ ಕೋಳಿ ಸುಲಭ, ಅಲ್ವಾ?

ಆಮೇಲೆ ದುಡ್ಡು ಮತ್ತು ಕಾಲ. ಜೂನ್, ಜುಲೈನಲ್ಲಿ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ, ಘಾಟಿ ಹತ್ತಿ ಬರುವ ಸಮುದ್ರದ ಮೀನು ಕಡಿಮೆಯಾಗಿ ದುಬಾರಿಯಾಗುತ್ತದೆ. ಶ್ರಾವಣದಲ್ಲಿ ಎಷ್ಟೋ ಮನೆಗಳಲ್ಲಿ ಮೀನೇ ಇಲ್ಲ.

ಎಷ್ಟು ಕೊಡಬೇಕು? ಅಮೆರಿಕದ ಸರ್ಕಾರಿ ಸಲಹೆಯಂತೆ ವಾರಕ್ಕೆ ಎರಡು ಸಲ, 1ರಿಂದ 3 ವರ್ಷದವರಿಗೆ ಸಲಕ್ಕೆ ಸುಮಾರು 28 ಗ್ರಾಂ, 11 ವರ್ಷಕ್ಕೆ ಸುಮಾರು 113 ಗ್ರಾಂ. ಮಕ್ಕಳಿಗೆ ಬಂಗುಡೆಯಿಂದ ಶುರು ಮಾಡಿ. ಅದರಲ್ಲಿ ಒಮೆಗಾ-3 ಚೆನ್ನಾಗಿದೆ, ನಡುಮುಳ್ಳು ತೆಗೆದರೆ ಹೆಚ್ಚಿನ ಕೆಲಸ ಮುಗಿಯಿತು. ಖಾರ ಕಡಿಮೆ ಹಾಕಿ ಹುರಿದು, ನೀವೇ ಬಿಡಿಸಿ ಕೊಡಿ.