ಬ್ಯಾಗಿನಲ್ಲೇ ಉಳಿಯುವ ಸುದ್ದಿಪತ್ರ

ಓದುಗರ ಪತ್ರ: ನಾನು ಬೊಮ್ಮನಹಳ್ಳಿ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ತಿಂಗಳಿಗೊಂದು ಶಾಲಾ ಸುದ್ದಿಪತ್ರ ತರುತ್ತಿದ್ದೇವೆ, ಯಾರೂ ಓದುವುದಿಲ್ಲ. ವಾಟ್ಸಾಪ್ ಗುಂಪಿನ ತುಂಬ ಗುಡ್ ಮಾರ್ನಿಂಗ್ ಚಿತ್ರಗಳು. ಪೋಷಕರ ಸಭೆಗೆ ಹತ್ತು ಜನ ಬಂದರೆ ಹೆಚ್ಚು. ಪೋಷಕರಿಗೆ ಕಾಳಜಿಯಿಲ್ಲ ಅಂತ ಮೇಷ್ಟ್ರು, ಕರೆಸಿ ಬರೀ ದೂರು ಹೇಳ್ತಾರೆ ಅಂತ ಪೋಷಕರು. ಒಂದು ಸಂಚಿಕೆ ಜೊತೆಗಿಟ್ಟಿದ್ದೇನೆ. ಎಲ್ಲಿ ತಪ್ಪುತ್ತಿದೆ, ಹೇಳಿ.

ಸಂಪಾದಕರ ಉತ್ತರ: ಸಂಚಿಕೆ ನೋಡಿದೆವು. ನಾಲ್ಕು ಪುಟ. ಮೊದಲನೆಯದು ಧ್ವಜಾರೋಹಣಕ್ಕೆ ಬಂದ ಗಣ್ಯರ ಪಾಲು, ಎರಡನೆಯದು ನೋಟ್‌ಬುಕ್ ಕೊಟ್ಟ ದಾನಿಗಳ ಪಾಲು. ಕೊನೆಯ ಪುಟದ ‘ಪೋಷಕರ ಗಮನಕ್ಕೆ’ ಅಂಕಣದಲ್ಲಿರುವ ಐದೂ ವಾಕ್ಯ ಗದರಿಕೆ. ಮನೆಯವರಿಗೆ ನಿಜಕ್ಕೂ ಬೇಕಾಗಿದ್ದ ಸಂಗತಿ ಒಂದೇ: ವಿದ್ಯಾರ್ಥಿವೇತನಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಕೊಡಲು ಕೊನೆಯ ದಿನ. ಅದು ಮೂರನೆಯ ಪುಟದ ತಳದಲ್ಲಿ ಸಣ್ಣಕ್ಷರದಲ್ಲಿ ಕೂತಿದೆ. ಓದಲಿಲ್ಲವೆಂದು ಪೋಷಕರನ್ನು ದೂರಿ ಏನು ಪ್ರಯೋಜನ?

ನಿಮ್ಮ ಕಡೆ ಗಾರ್ಮೆಂಟ್ಸ್ ಕೆಲಸದ ಮನೆಗಳೇ ಹೆಚ್ಚು. ಏಳು ಗಂಟೆಗೆ ಮನೆ ಸೇರಿ, ಅಡುಗೆ ಮುಗಿಸಿ, ಎಂಟೂವರೆಗೆ ಬ್ಯಾಗ್ ತೆರೆಯುವ ತಾಯಿಗೆ ಎರಡು ನಿಮಿಷ ಸಿಕ್ಕರೆ ದೊಡ್ಡದು. ಆ ಎರಡು ನಿಮಿಷಕ್ಕೆ ಎಷ್ಟು ಹಿಡಿಯುತ್ತದೋ ಅಷ್ಟು ಬರೆಯಿರಿ. ಒಂದೇ ಎ4 ಹಾಳೆ, ಎರಡು ಬದಿ. ಆಗಿಹೋದ ಕಾರ್ಯಕ್ರಮಗಳಿಗೆ ಕಾಲುಭಾಗ ಸಾಕು, ಉಳಿದದ್ದೆಲ್ಲ ಮುಂದೆ ಬರುವುದಕ್ಕಿರಲಿ.

ಮುಂಬದಿಯ ತಲೆಯಲ್ಲಿ ತಿಂಗಳ ಐದಾರು ದಿನಾಂಕ, ವಾರದ ಹೆಸರಿನ ಜೊತೆಗೆ. ಬರೀ ‘18ಕ್ಕೆ’ ಎಂದರೆ ಮರೆಯುತ್ತದೆ, ‘18, ಗುರುವಾರ’ ಎಂದರೆ ನೆನಪಿರುತ್ತದೆ. ಅದರ ಕೆಳಗೆ ತರಬೇಕಾದ ಕಾಗದಪತ್ರ, ಜೊತೆಗೇ ಅದು ಎಲ್ಲಿ ಸಿಗುತ್ತದೆ ಎಂಬುದು. ‘ಆದಾಯ ಪ್ರಮಾಣಪತ್ರ ತನ್ನಿ’ ಎಂದಷ್ಟೇ ಬರೆದರೆ ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಕ್ಕೆ ದಿಕ್ಕು ತೋಚುವುದಿಲ್ಲ. ನಾಡಕಚೇರಿಯಲ್ಲೋ ಬೆಂಗಳೂರು ಒನ್ ಕೇಂದ್ರದಲ್ಲೋ ಅರ್ಜಿ ಹಾಕಬೇಕು, ಆಧಾರ್ ಒಯ್ಯಬೇಕು, ಕೈಗೆ ಬರಲು ದಿನ ಹಿಡಿಯುತ್ತದೆ ಎಂದು ಬಿಡಿಸಿ ಬರೆಯಿರಿ.

ಹಿಂಬದಿ ಪೂರ್ತಿ ತರಗತಿಗಳಿಗೆ. ಒಂದೊಂದು ತರಗತಿಗೆ ಮೂರು ಸಾಲು: ಈ ತಿಂಗಳು ಏನು ಕಲಿಯುತ್ತಾರೆ, ಮಕ್ಕಳು ಸಾಮಾನ್ಯವಾಗಿ ಎಲ್ಲಿ ತಡವರಿಸುತ್ತಾರೆ, ಮನೆಯಲ್ಲಿ ಐದು ನಿಮಿಷಕ್ಕೆ ಏನು ಮಾಡಬಹುದು. ನಾಲ್ಕನೇ ತರಗತಿಗೆ ಹೀಗೆ: ‘ಭಿನ್ನರಾಶಿ ಶುರುವಾಗಿದೆ. ಕೆಳಗಿನ ಅಂಕಿ ದೊಡ್ಡದಾದರೆ ಭಾಗವೂ ದೊಡ್ಡದೆಂದು ಮಕ್ಕಳು ತಿಳಿಯುತ್ತಾರೆ. ಒಂದು ಚಪಾತಿಯನ್ನು ನಾಲ್ಕು, ಇನ್ನೊಂದನ್ನು ಎಂಟು ಸಮಭಾಗ ಮಾಡಿ, ಯಾವ ತುಂಡು ದೊಡ್ಡದು ಎಂದು ಕೇಳಿ.’ ಓದು ಬಾರದ ಅಜ್ಜಿಯೂ ಇದನ್ನು ಮಾಡಿಸಬಲ್ಲಳು.

ನಲಿಕಲಿ ತರಗತಿಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು, ಮೇಷ್ಟ್ರು–ಪೋಷಕರ ಮನಸ್ತಾಪದ ಬೇರು ಎಷ್ಟೋ ಕಡೆ ಇಲ್ಲೇ ಇರುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಚಟುವಟಿಕೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯನ್ನು ಅವರವರ ವೇಗಕ್ಕೆ ಹತ್ತುತ್ತಾರೆ. ‘ಎಷ್ಟನೇ ಪಾಠ ಆಯ್ತು?’ ಎಂದು ಪಕ್ಕದ ಕಾನ್ವೆಂಟ್ ಮಗುವಿನ ಜೊತೆ ತೂಗಿ ನೋಡುವ ತಂದೆಗೆ ಇಲ್ಲಿ ಉತ್ತರ ಸಿಗುವುದಿಲ್ಲ. ಸಿಗದಿದ್ದಾಗ ‘ಏನೂ ಕಲಿಸ್ತಿಲ್ಲ’ ಎಂದುಕೊಳ್ಳುತ್ತಾನೆ. ಒಂದು ಸಂಚಿಕೆಯನ್ನು ಏಣಿ ಓದುವುದು ಹೇಗೆಂಬುದಕ್ಕೇ ಮೀಸಲಿಡಿ. ಕೇಳಬೇಕಾದದ್ದು ‘ಈಗ ಯಾವ ಮೈಲಿಗಲ್ಲಿನಲ್ಲಿದ್ದಾಳೆ, ಹೋದ ತಿಂಗಳು ಎಲ್ಲಿದ್ದಳು?’ ಎಂದು. ಉತ್ತರ ಗೋಡೆಯ ಮೇಲಿನ ‘ಪ್ರಗತಿ ನೋಟ’ ಎಂಬ ಪಟ್ಟಿಯಲ್ಲೇ ಇರುತ್ತದೆ.

ಹಾಳೆಯ ತಳದಲ್ಲಿ ಐದು ಸೆಂಟಿಮೀಟರ್ ಅಗಲದ, ಕತ್ತರಿಸಿ ವಾಪಸ್ ಕೊಡುವ ಚೀಟಿ. ಅದರಲ್ಲಿ ಒಂದೇ ಪ್ರಶ್ನೆ, ಟಿಕ್ ಹಾಕಲು ಮೂರು ಚೌಕ: ‘ಸಭೆಗೆ ಯಾವ ಹೊತ್ತು ಅನುಕೂಲ? ಶನಿವಾರ ಬೆಳಿಗ್ಗೆ 8, ಶನಿವಾರ ಮಧ್ಯಾಹ್ನ 12, ಭಾನುವಾರ ಬೆಳಿಗ್ಗೆ 10.’ ಚೀಟಿಯ ಬೆನ್ನಿಗೆ ಬರುವ ಜಾಗದಲ್ಲಿ ದಿನಾಂಕ ಅಚ್ಚಾಗಿದ್ದರೆ ಕತ್ತರಿಸಿದಾಗ ಅದೂ ಹೋಗುತ್ತದೆ, ಅಲ್ಲಿ ಖಾಲಿ ಬಿಡಿ. ಬಂದ ಉತ್ತರದಿಂದ ಏನು ಬದಲಾಯಿತೆಂದು ಮುಂದಿನ ಸಂಚಿಕೆಯಲ್ಲಿ ಒಂದು ಸಾಲು ಬರದಿದ್ದರೆ, ಮೂರನೇ ತಿಂಗಳಿಗೆ ಚೀಟಿಗಳು ನಿಂತುಹೋಗುತ್ತವೆ.

ಅಚ್ಚಿನ ಮಾತು ಬೇಗ ಮುಗಿಸೋಣ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಹಾಗೇ ಮೊಬೈಲಿಗೆ ಕಳಿಸಿದರೆ ಅಕ್ಷರದ ಬದಲು ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಇಲ್ಲವೇ ಪಿಡಿಎಫ್ ಮಾಡಿ ಕಳಿಸಿ. ಅಕ್ಷರ 14 ಪಾಯಿಂಟಿಗಿಂತ ಚಿಕ್ಕದು ಬೇಡ. ಕೈಬರಹವಾದರೆ ಕಪ್ಪು ಇಂಕು, ತಿಳಿನೀಲಿ ಜೆರಾಕ್ಸಿನಲ್ಲಿ ಮಾಸುತ್ತದೆ. ಮಗುವಿಗೊಂದರಂತೆ ಹಂಚದೆ ಮನೆಗೊಂದು, ಆ ಮನೆಯ ಕಿರಿಯ ಮಗುವಿನ ಕೈಗೆ ಕೊಡಿ. ಜೆರಾಕ್ಸಿಗೆ ಹಾಳೆಯ ಒಂದು ಬದಿಗೆ ಒಂದೂವರೆ ರೂಪಾಯಿ ಎಂದಿಟ್ಟುಕೊಂಡರೂ 140 ಮನೆಗೆ 420 ರೂಪಾಯಿ.

ವಾಟ್ಸಾಪ್ ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಸೆಟ್ಟಿಂಗ್ ಬದಲಿಸಿ, ಗುಡ್ ಮಾರ್ನಿಂಗ್ ಕಾಟ ಅಲ್ಲಿಗೆ ಮುಗಿಯಿತು. ಹಗಲು ಫೋನ್ ಅಪ್ಪನ ಜೇಬಿನಲ್ಲಿರುವ ಮನೆಗಳಿಗಾಗಿ ರಾತ್ರಿ ಎಂಟೂವರೆಗೆ ಕಳಿಸಿ. ಓದಲಾಗದವರಿಗೆ ಹಾಳೆಯ ಮುಂಬದಿಯನ್ನು ಒಂದು ನಿಮಿಷದ ಧ್ವನಿ ಸಂದೇಶವಾಗಿ ಕನ್ನಡದಲ್ಲಿ ಓದಿ. ತೆಲುಗು, ತಮಿಳು, ಉರ್ದುವಿನಲ್ಲಿ ಓದಲು ಆಯಾ ಭಾಷೆಯ ಪೋಷಕರೊಬ್ಬರನ್ನು ಕೇಳಿ. ಮಕ್ಕಳಿಂದ ಅನುವಾದ ಮಾಡಿಸಬೇಡಿ, ಸಭೆಯಲ್ಲಂತೂ ಬೇಡವೇ ಬೇಡ. ತನ್ನ ಮೇಲಿನ ದೂರನ್ನು ತಾನೇ ಅಮ್ಮನಿಗೆ ಹೇಳಬೇಕಾದ ಮಗು ಅರ್ಧ ನುಂಗಿಕೊಳ್ಳುತ್ತದೆ!

ಇನ್ನು ಸಭೆ. ಹಾಜರಾತಿ, ಕಲಿಯುವ ಸಾಮರ್ಥ್ಯ, ಪ್ರಗತಿಯ ಬಗ್ಗೆ ಪೋಷಕರೊಂದಿಗೆ ನಿಯಮಿತವಾಗಿ ಸಭೆ ನಡೆಸುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಶಿಕ್ಷಕರ ಕರ್ತವ್ಯ. ಆದರೆ ಲೆಕ್ಕ ಹಾಕಿ ನೋಡಿ: 30 ಮಕ್ಕಳಿಗೆ ಎಂಟೆಂಟು ನಿಮಿಷ ಎಂದರೆ ನಾಲ್ಕು ಗಂಟೆ. ಅದನ್ನು ಒಂದು ಗಂಟೆಗೆ ಹಿಂಡಿದಾಗ ಮೇಷ್ಟ್ರ ಬಾಯಲ್ಲಿ ಉಳಿಯುವುದು ದೂರು ಮಾತ್ರ, ಅದೂ ಎಲ್ಲರೆದುರು. ಎರಡು ಶನಿವಾರಕ್ಕೆ ಹಂಚಿ, ಹದಿನೈದು ಹದಿನೈದು ಮನೆಗೆ ಹೊತ್ತು ಕೊಟ್ಟು ಕರೆಯಿರಿ. ಮಗುವಿನ ನೋಟ್‌ಬುಕ್ ತೆರೆದಿಟ್ಟು, ಬಂದಿರುವುದು ಒಂದು, ಸಿಕ್ಕಿಹಾಕಿಕೊಂಡಿರುವುದು ಒಂದು, ಮನೆಯಲ್ಲಿ ಮಾಡಬೇಕಾದದ್ದು ಒಂದು, ಇಷ್ಟೇ ಮಾತಾಡಲಿ. ಎಂಟರಲ್ಲಿ ಮೂರು ನಿಮಿಷ ಪೋಷಕರಿಗೆ ಬಿಡಬೇಕು. ಮಗು ಮನೆಯಲ್ಲಿ ಹೇಗಿರುತ್ತದೆಂದು ಮೇಷ್ಟ್ರಿಗೆ ತಿಳಿಯಲು ಬೇರೆ ದಾರಿಯಿಲ್ಲ.

ಶಿಕ್ಷಕರು ಒಪ್ಪುವರೇ? ಸ್ಯಾಟ್ಸ್ (ಮಕ್ಕಳ ವಿವರ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ದಾಖಲೆ, ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸ ಎಲ್ಲ ಅವರ ತಲೆಯ ಮೇಲೇ ಇದೆ. ಅವರಿಂದ ಮೂರು ಸಾಲು ಮಾತ್ರ ಕೇಳಿ. ಸೋಮವಾರ ಪಡೆದುಕೊಳ್ಳಿ, ಟೈಪಿಂಗ್, ಜೆರಾಕ್ಸ್ ಎಸ್‌ಡಿಎಂಸಿ ಮಾಡಲಿ, ಗುರುವಾರ ಮುಖ್ಯ ಶಿಕ್ಷಕರು ಓದಿ ಸಹಿ ಹಾಕಲಿ, ಶನಿವಾರ ಹಂಚಿ. ಅವರ ಸಾಲನ್ನು ನೀವು ತಿದ್ದಬೇಡಿ. ಕಾಯ್ದೆಯ 21ನೇ ಸೆಕ್ಷನ್ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿಗೆ ಕೊಟ್ಟಿದೆ ನಿಜ. ಅದನ್ನು ತನಿಖಾಧಿಕಾರದಂತೆ ಬಳಸಿದ ಕಡೆ ಮೇಷ್ಟ್ರು ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾರೆ.

ಕೊನೆಗೆ ಫೋಟೋ. ನಿಮ್ಮ ಸಂಚಿಕೆಯಲ್ಲಿ ಮಕ್ಕಳ ಮುಖ, ಪೂರ್ತಿ ಹೆಸರು, ತರಗತಿ ಮೂರೂ ಒಟ್ಟಿಗಿವೆ, ಜೊತೆಗೆ ಅಂಕಪಟ್ಟಿ ಬೇರೆ. ಅಂಕಪಟ್ಟಿ ತೆಗೆದುಹಾಕಿ. ವರ್ಷಾರಂಭದಲ್ಲೇ ಪೋಷಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಒಪ್ಪಿದವರದ್ದೂ ಗುಂಪಿನ ಚಿತ್ರವಿರಲಿ, ಅಡಿಯಲ್ಲಿ ಹೆಸರು ಬೇಡ. ವಾಟ್ಸಾಪಿಗೆ ಹೋದ ಚಿತ್ರವನ್ನು ಯಾರು ಎಲ್ಲಿಗೆ ಕಳಿಸುತ್ತಾರೆಂದು ಶಾಲೆಗೆ ಗೊತ್ತಾಗುವುದಿಲ್ಲ, ಆದ್ದರಿಂದ ಚಿತ್ರಗಳು ಕಾಗದದ ಪ್ರತಿಯಲ್ಲಷ್ಟೇ ಇರಲಿ.