ಹೊರಗಿನ ಪರಿಸರ, ಒಳಗಿನ ಕಲ್ಚರ್: ಕಂಪನಿ ರೂಪಿಸೋದು ಯಾವ್ದು?

ಎರಡೂ ಸೇರಿನೇ. ಪುಸ್ತಕದ ಡೆಫಿನಿಷನ್‌ಗಿಂತ ಸರ್ಕಾರಿ ಕಂಪನಿ ಎಚ್‌ಎಂಟಿಯ ವಾಚ್ ಕಥೆ ನೋಡಿದ್ರೆ ಬೇಗ ಅರ್ಥ ಆಗತ್ತೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಲ್ಲಿ ವಾಚ್ ಫ್ಯಾಕ್ಟರಿ ಶುರು ಆಯ್ತು, ಆಗ ಆಮದಿಗೆ ಬಿಗಿ ನಿರ್ಬಂಧ, ಲೈಸೆನ್ಸ್ ರಾಜ್ಯ (ಉದ್ಯಮ ಶುರು ಮಾಡೋಕೂ ಸರ್ಕಾರದ ಅನುಮತಿ ಬೇಕಿದ್ದ ಕಾಲ), ಸ್ಪರ್ಧೆ ಕಮ್ಮಿ, ಹಾಗಾಗಿ ಮಾಡಿದ್ದೆಲ್ಲಾ ಖರ್ಚಾಗೋದು, ಮದುವೆಗೆ ಅಳಿಯಂಗೆ ಎಚ್‌ಎಂಟಿ ವಾಚೇ ಉಡುಗೊರೆ. ಇದು ಹೊರಗಿನ ಪರಿಸರ ಕೊಟ್ಟಿದ್ದು. ಆದ್ರೆ ಅದೇ ಪರಿಸರ ಒಳಗೆ ಒಂದು ಅಭ್ಯಾಸನೂ, ಅಂದ್ರೆ ಕಲ್ಚರ್, ಬೆಳೆಸ್ತು: ಎಷ್ಟು ತಯಾರಾಯ್ತು ಅನ್ನೋದೇ ಲೆಕ್ಕ, ಗ್ರಾಹಕನಿಗೆ ಏನ್ ಬೇಕು ಅನ್ನೋದು ಆಮೇಲೆ.

ನಂಗೆ ತುಂಬಾ ನೋವಾಗೋ ವಿಷ್ಯ ಅಂದ್ರೆ ದೇಶದ ಮೊದಲ ಕ್ವಾರ್ಟ್ಜ್ (ಬ್ಯಾಟರಿಯಲ್ಲಿ ನಡೆಯೋ) ವಾಚ್ ತಂದಿದ್ದೇ ಎಚ್‌ಎಂಟಿ, 1981ರಲ್ಲಿ, ಆದ್ರೂ ಮನಸ್ಸೆಲ್ಲಾ ಕೀ ಕೊಡೋ ವಾಚ್ ಮೇಲೇ ಇತ್ತು. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮ ಟಿಡ್ಕೋ ಸೇರಿ ಟೈಟಾನ್ ಕಟ್ಟಿದ್ರು, ಪಕ್ಕದ ಹೊಸೂರಲ್ಲೇ ಫ್ಯಾಕ್ಟರಿ. ಅವ್ರು ಕ್ವಾರ್ಟ್ಜ್, ಡಿಸೈನ್, ಚಂದದ ಶೋರೂಮ್ ಮೇಲೆ ಒತ್ತು ಕೊಟ್ರು. ವಿದೇಶಿ ವಿನಿಮಯ ಸಿಗದೆ ಬಿಡಿಭಾಗ ತರಿಸೋದು ಕಷ್ಟ ಆದಾಗ ಆಭರಣ ರಫ್ತು ಮಾಡಿ ಡಾಲರ್ ಗಳಿಸೋಣ ಅಂತ ಹೊರಟಿದ್ದೇ ಮುಂದೆ ತನಿಷ್ಕ್ ಆಯ್ತು.

ಅಂದ್ರೆ ಗಾಳಿ ಇಬ್ಬರಿಗೂ ಹೆಚ್ಚೂಕಮ್ಮಿ ಒಂದೇ, ಹಾಯಿ ತಿರುಗಿಸೋ ಅಭ್ಯಾಸ ಬೇರೆ. ಸರ್ಕಾರಿ ಕಂಪನಿಗೆ ಕೈ ಕಟ್ಟಿದ್ದೂ ನಿಜ, ತಪ್ಪೆಲ್ಲಾ ಅಲ್ಲಿನ ನೌಕರರದ್ದು ಅಂತ ನಾನು ಒಪ್ಪಲ್ಲ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಡ್ತು.