‘ಮಷಿನ್ ಬೇಡ’ ಅಂದ ಅಪ್ಪ, ಮಾತು ಬಿಟ್ಟ ಮಗ

ಭದ್ರಾ ಅಚ್ಚುಕಟ್ಟಿನ ಒಂದು ಹಳ್ಳಿ. ಐದು ಎಕರೆ ಗದ್ದೆ, ಎರಡು ಎಮ್ಮೆ, ಒಂದು ಜೊತೆ ಎತ್ತು. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿ ಬರೆಯುತ್ತಿದ್ದೇನೆ. ಮನೆಮಂದಿಯ ಮನಸ್ತಾಪಗಳಿಗೆ ಸಲಹೆ ಕೊಡುವ ನನ್ನ ಹತ್ತಿರ ಮೊದಲು ಬಂದವರು ಮನೆಯ ಸೊಸೆ. “ಮಾವನೂ ನಮ್ಮ ಯಜಮಾನರೂ ಮಾತು ಬಿಟ್ಟು ಹತ್ತು ತಿಂಗಳಾಯ್ತು ಮೇಡಂ. ಒಬ್ಬರು ಉಂಡೆದ್ದ ಮೇಲೇ ಇನ್ನೊಬ್ಬರು ಊಟಕ್ಕೆ ಕೂರೋದು” ಎಂದರು.

ಹಿಂದಿನ ನವೆಂಬರಿನಲ್ಲಿ ಭತ್ತ ಹಣ್ಣಾಗಿ ನಿಂತಿತ್ತು. ಕೊಯ್ಲಿಗೆ ಆಳು ಸಿಗಲಿಲ್ಲ. ಕಟಾವು ಮಷಿನ್ ಕರೆಸೋಣ ಎಂದು ಮಗ ಹೇಳಿದರೆ ಅಪ್ಪ ಬೇಡವೆಂದರು. ಅಷ್ಟರಲ್ಲಿ ಮಳೆ ಹಿಡಿದು ಪೈರು ಮಲಗಿತು, ತೆನೆಯಲ್ಲೇ ಮೊಳಕೆ ಬಂತು. “ನಿನ್ನ ಹಟಕ್ಕೆ ಒಂದೂವರೆ ಎಕರೆ ಹೋಯ್ತು” ಎಂದ ಮಗ. ಅಪ್ಪ ಮಗ ಮಾತಾಡಿದ್ದು ಅದೇ ಕೊನೆ.

ಅಪ್ಪನ ಮೊದಲ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ವಯಸ್ಸಾದವರಿಗೆ ಹೊಸದರ ಅಂಜಿಕೆ ಸಹಜ ಎಂದುಕೊಂಡು, ಕಾಲ ಬದಲಾಗಿದೆ ಎಂಬ ಅರ್ಥದಲ್ಲಿ ಏನೋ ಹೇಳಿಬಿಟ್ಟೆ. ಅವರು ಟವೆಲ್ ಹೆಗಲಿಗೆ ಹಾಕಿ ಎದ್ದು ಹೋದರು. ಎರಡನೇ ಸಲ ಬಂದಾಗ ಬರೀ ಕೇಳಿದೆ: “ಮಷಿನ್ ಬಂದರೆ ನಿಮಗೆ ಏನೇನು ತೊಂದರೆ? ಒಂದೊಂದಾಗಿ ಹೇಳಿ.”

ಅವರು ಟವೆಲಿನ ತುದಿಯ ಗಂಟು ಬಿಚ್ಚಿದರು. ಒಂದು ಹಿಡಿ ಭತ್ತ. ನನ್ನ ಮೇಜಿನ ಮೇಲೆ ಸುರಿದು, ಬೆರಳ ತುದಿಯಿಂದ ಕಾಳು ಬೇರೆ ಮಾಡತೊಡಗಿದರು. “ಇದು ಸೋನಾ. ಇದು ನೋಡ್ರಿ, ದಪ್ಪ ಕಾಳು, ಯಾರ್ದೋ ಗದ್ದೇದು. ಮಷಿನ್ ಹೊಟ್ಟೇಲಿ ಹಿಂದಿನ ಗದ್ದೆ ಭತ್ತ ಉಳಿದಿರ್ತೈತೆ. ಪಕ್ಕದ ಹೊಲದೋರು ಬೀಜಕ್ಕೆ ಅಂತ ಕೊಟ್ಟಿದ್ದು ಇದೇ.” ಅವರು ಬೀಜ ಮನೆಯಲ್ಲೇ ಇಡುವವರು. ಹುಲ್ಲಿನ ಮಾತೂ ಬಂತು: ಮಷಿನ್ ಹಿಂದೆ ಹುಲ್ಲು ಚೆಲ್ಲಾಪಿಲ್ಲಿ ಬೀಳುತ್ತೆ, ಕೆಸರಿಗೆ ಸೇರುತ್ತೆ, ಎಮ್ಮೆ ಮೂಸಿ ಬಿಡುತ್ತೆ, ಬಣವೆ ಒಟ್ಟೋದು ಹೇಗೆ?

ಇವೆರಡೂ ಭಯವಲ್ಲ, ಲೆಕ್ಕ. ನಲವತ್ತು ವರ್ಷ ಗದ್ದೆಯಲ್ಲಿ ನಿಂತವರ ಲೆಕ್ಕ. ಇಂಥವರನ್ನು ‘ಹಳೇ ಕಾಲದವರು’ ಎಂದು ತಳ್ಳಿಹಾಕುವುದು ನನಗೆ ಈಗ ತುಂಬಾ ನೋವು ಕೊಡುತ್ತದೆ.

ಮೂರನೆಯದು ತಡವಾಗಿ ಬಂತು, ಅದೂ ತಲೆ ತಗ್ಗಿಸಿಕೊಂಡು. ಹೆಂಡತಿ ತೀರಿಕೊಂಡ ವರ್ಷ ಅವರು ತಿಂಗಳುಗಟ್ಟಲೆ ಗದ್ದೆಗೆ ಇಳಿದಿರಲಿಲ್ಲ. ಪ್ರತಿ ವರ್ಷ ಕೊಯ್ಲಿಗೆ ಬರುತ್ತಿದ್ದ ಒಂಬತ್ತು ಹೆಣ್ಣುಮಕ್ಕಳು ಕೂಲಿ ಕೇಳದೆ ಕಳೆ ತೆಗೆದು ಹೋಗಿದ್ದರು. “ಅವರಿಗೆ ಬರಬೇಡಿ ಅಂತ ಯಾವ ಬಾಯಲ್ಲಿ ಹೇಳ್ಲಿ?” ಮಗ ಆಗ ಓದಲು ದಾವಣಗೆರೆಯಲ್ಲಿದ್ದ. ಅವನಿಗೆ ಇದು ಗೊತ್ತೇ ಇರಲಿಲ್ಲ.

ಮಗನಿಗೆ ಒಂದೇ ಮಾತು ಹೇಳಿದೆ. ನಿನಗಾದ ನಷ್ಟ ನಿಜ, ಅದನ್ನು ಹೇಳು; ‘ಹಟ’ ಅನ್ನುವ ಪದ ಬಿಡು. ಅಪ್ಪನಿಗೆ: ಆ ಹೆಣ್ಣುಮಕ್ಕಳ ವಿಷಯ ನನಗಲ್ಲ, ಮಗನಿಗೆ ಹೇಳಿ. ಆಮೇಲೆ ಇಬ್ಬರನ್ನೂ ಒಂದೇ ಬೈಕಿನಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕಳಿಸಿದೆ. ಯಂತ್ರದ ವಿಚಾರ ನನ್ನ ವಿಷಯವಲ್ಲ, ನಿಜ. ಆದರೆ ಇಬ್ಬರೂ ಸೇರಿ ಮೂರನೆಯವರನ್ನು ಕೇಳಬೇಕಿತ್ತು.

ಮನೆ ಹಿಂದಿನ ಅರ್ಧ ಎಕರೆ ಕೈಕೊಯ್ಲಿಗೆ, ಬೀಜಕ್ಕೂ ಬಣವೆಗೂ ಎಂದು ತೀರ್ಮಾನಿಸಿದರು. ಮಷಿನ್ ತಿರುಗಲು ಗದ್ದೆ ಮೂಲೆಗಳನ್ನೂ ಕುಡುಗೋಲಿನಲ್ಲೇ ಕೊಯ್ಯಬೇಕು. ಉಳಿದದ್ದಕ್ಕೆ ಚೈನ್ ಮಷಿನ್, ಅಂದರೆ ಗಾಲಿಯ ಬದಲು ಪಟ್ಟಿಯ ಮೇಲೆ ಓಡುವ ಕಟಾವು ಮಷಿನ್. ಹತ್ತು ಹದಿನೈದು ದಿನ ಮೊದಲೇ ನೀರು ಬಸಿದು ಗದ್ದೆ ಆರಿಸಬೇಕು, ಇಲ್ಲದಿದ್ದರೆ ಹೂತುಕೊಳ್ಳುತ್ತದೆ. ಮಷಿನ್ ಭತ್ತದಲ್ಲಿ ಪಸೆ ಜಾಸ್ತಿ, ಒಣಗಿಸದೆ ಚೀಲಕ್ಕೆ ತುಂಬುವಂತಿಲ್ಲ; ಬೆಂಬಲ ಬೆಲೆಗೆ ಕೊಡುವುದಾದರೆ ತೇವಾಂಶ ಶೇ. 17 ದಾಟಬಾರದು. ಒಣಗಿಸುವ ಹೊಣೆ ತನ್ನದೆಂದರು ಅಪ್ಪ.

ಡಿಸೆಂಬರಿನಲ್ಲಿ ಸೊಸೆ ಫೋನ್ ಮಾಡಿದರು. ಮಷಿನ್ ಬಂದು ಒಂದೇ ದಿನದಲ್ಲಿ ಮುಗಿಸಿತು. ಮಾವ ಬದುವಿನ ಮೇಲೆ ನಿಂತು, ಕೊಯ್ಯುವ ಮುಂಚೆ ಮಷಿನ್ನಿನ ಟ್ಯಾಂಕಿನೊಳಗೆ ಇಣುಕಿ ನೋಡಿಯೇ ಗದ್ದೆಗೆ ಬಿಟ್ಟರಂತೆ. ಹೆಣ್ಣುಮಕ್ಕಳಿಗೆ ಸಿಕ್ಕಿದ್ದು ಮೂರು ದಿನದ ಕೂಲಿ. ಉಳಿದ ದಿನಗಳದ್ದು ಎಲ್ಲಿಂದ ಬರಬೇಕು ಎಂಬುದಕ್ಕೆ ನನ್ನ ಸಲಹೆಯಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಅಪ್ಪ ಮಗ ಇಬ್ಬರೂ ಅವರ ಕೇರಿಗೆ ಹೋಗಿದ್ದರು. ಅಪ್ಪನಿಗೆ ಬಾಯಿ ಬರಲಿಲ್ಲ. “ಬೇಸಿಗೆ ಬೆಳೆಗೆ ನಾಲೆಗೆ ನೀರು ಬಿಟ್ಟರೆ ನಾಟಿಗೆ ನೀವೇ ಬರಬೇಕು ಅಕ್ಕಾ” ಎಂದದ್ದು ಮಗ.